ಬೀಳು ಭೂಮಿ ಹಾಳು ಭೂಮಿಯಲ್ಲ

ಜ್ಯೇಷ್ಠ ಮಾಸದ ಅಮಾವಾಸ್ಯೆ ಬಂದಿತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಮನೆಯ ದೇವರ ಜಗಲಿಯ ಮೇಲೆ ಒಂದು ಜೋಡಿ ಮಣ್ಣೆತ್ತುಗಳು ಬಂದು ನಿಲ್ಲುತ್ತವೆ. ಹೊಲ ಮನೆಗಳನ್ನು ಎಂದೋ ಬಿಟ್ಟು ಪಟ್ಟಣ ಸೇರಿದ ಕುಟುಂಬಗಳಲ್ಲಿಯೂ ಆ ದಿನ ಎತ್ತಿನ ಕೊರಳಿಗೆ ಹೂವೇರುತ್ತದೆ, ಹಣೆಗೆ ಕುಂಕುಮವೇರುತ್ತದೆ. ಪೂಜೆಯಾದ ನಾಲ್ಕಾರು ದಿನಗಳಲ್ಲಿ ಆ ಎತ್ತಿನ ಬೆನ್ನ ಮೇಲೆ, ಕೊರಳಿನ ಸುತ್ತ, ಕೂದಲೆಳೆಯಂಥ ಸೀಳುಗಳು ಕಾಣಿಸಿಕೊಳ್ಳುವುದುಂಟು. ಮಾಡಿದವನ ಕೈ ಪಳಗಿದ್ದಲ್ಲವೆಂದು ಆಗ ಕೆಲವರು ಆಕ್ಷೇಪಿಸುತ್ತಾರೆ. ಆದರೆ ದೋಷ ಕೈಯದಲ್ಲ. ನೀರುಂಡಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಸೀಳುವುದು ಎರೆಮಣ್ಣಿನ ಹುಟ್ಟುಗುಣ. ಅಂಗೈಯಗಲದ ಎತ್ತಿನ ಮೈಮೇಲೆ ನಡೆಯುವ ಈ ವ್ಯಾಪಾರವೇ ಹುಬ್ಬಳ್ಳಿಯಿಂದ ನವಲಗುಂದದವರೆಗೆ ಹಬ್ಬಿರುವ ಬಯಲಿನಲ್ಲಿ ವರ್ಷವರ್ಷವೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಈ ಬಯಲಿನ ಹತ್ತಿ, ಬಿಳಿಜೋಳ, ಕಡಲೆ, ಕುಸುಬೆಗಳ ಖ್ಯಾತಿಯನ್ನು ಅರಿಯದವರಿಲ್ಲ. ಆದರೆ ರಂಟೆ ಕಾಣದ ನೆಲದ ಮಾತನ್ನು ಯಾರೂ ಆಡುವುದಿಲ್ಲ. ಊರ ದನಗಳು ಮೇಯುವ ಗಾಯರಾಣ, ಕುರಿ ಹಿಂಡು ಹತ್ತಿಳಿಯುವ ಮರಡಿ, ಹಳ್ಳದ ದಂಡೆಯ ಹುಲ್ಲುಗಾವಲು ಇವೆಲ್ಲ ಜನರ ಬಾಯಿಯಲ್ಲಿ ‘ಬೀಳು’, ಕಂದಾಯದ ದಫ್ತರದಲ್ಲಿ ಬಹುತೇಕ ‘ಖರಾಬು’. ಖರಾಬು ಎಂದರೆ ಕೆಟ್ಟದ್ದು. ಒಂದು ನೆಲಕ್ಕೆ ಕೆಟ್ಟದ್ದೆಂಬ ಹೆಸರು ಅಂಟಿಕೊಂಡ ಮೇಲೆ ಅದನ್ನು ಅಗೆದರೇನು, ತೋಡಿದರೇನು, ಕಸ ಸುರಿದರೇನು ಎಂಬ ಭಾವನೆ ಬೆಳೆಯುವುದು ಸಹಜ. ಆದರೆ ಮಣ್ಣನ್ನು ಅಗೆದು, ಅಳೆದು, ಹೆಸರಿಟ್ಟು ನೋಡುವ ಶಾಸ್ತ್ರ ಈ ಮಾತನ್ನು ಒಪ್ಪುವುದಿಲ್ಲ. ಅದರ ದೃಷ್ಟಿಯಲ್ಲಿ ಕೆಟ್ಟ ಮಣ್ಣೆಂಬುದಿಲ್ಲ. ತನಗೆ ಒಗ್ಗದ ಕೆಲಸಕ್ಕೆ ಹಚ್ಚಿದ ಮಣ್ಣು ಮಾತ್ರ ಉಂಟು.

ಎರಡು ಕಡಲಿನ ನಡುವಣ ಸೀಮೆ

ಧಾರವಾಡವು ಮಲೆನಾಡಿಗೂ ಬಯಲು ಸೀಮೆಗೂ ಹೊಸ್ತಿಲಿನಂತಿದೆ. ಊರ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರವನ್ನು ಸೇರುತ್ತಾಳೆ. ಪೂರ್ವಕ್ಕೆ ಬಿದ್ದ ಮಳೆಯ ನೀರು ತುಪ್ಪರಿಹಳ್ಳ, ಬೆಣ್ಣೆಹಳ್ಳಗಳನ್ನು ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕಟ್ಟಕಡೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಲಘಟಗಿಯ ಕಾಡಂಚಿನಿಂದ ನವಲಗುಂದದ ಬಯಲಿಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತ ಬರುತ್ತದೆ. ಮಣ್ಣೂ ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ಒಂದು ದಿನದ ಪ್ರಯಾಣದೊಳಗೆ ಇಷ್ಟು ಬಗೆಯ ಮಣ್ಣು ಕಾಣಸಿಗುವ ಸೀಮೆಗಳು ವಿರಳ.

ಇದಕ್ಕೆ ಕಾರಣ ಮಳೆಯೊಂದೇ ಅಲ್ಲ. ಈ ನೆಲದಡಿಯ ಕಲ್ಲು ಭೂಮಿಯ ಅತಿ ಪ್ರಾಚೀನ ಶಿಲೆಗಳಲ್ಲಿ ಒಂದು. 1880ರ ದಶಕದಲ್ಲಿ ಭೂಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನು ಇಲ್ಲಿಯ ಪದರುಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರನ್ನೇ ಇಟ್ಟನು. ಅಂದಿನಿಂದ ಊರಿನ ಹೆಸರು ಜಗತ್ತಿನ ಭೂಶಾಸ್ತ್ರ ಗ್ರಂಥಗಳಲ್ಲಿ ಸೇರಿಹೋಯಿತು. ಸುಣ್ಣ, ಮೆಗ್ನೀಸಿಯಮ್, ಕಬ್ಬಿಣಗಳ ಅಂಶ ಹೆಚ್ಚಿರುವ ಶಿಲೆಗಳು ಕರಗಿ ಶಿಥಿಲವಾದಲ್ಲಿ ಎರೆಮಣ್ಣು ಹುಟ್ಟಿತು. ಬೆಳಗಾವಿ, ವಿಜಯಪುರಗಳ ಕಡೆಗೆ ಇದೇ ಕೆಲಸವನ್ನು ಜ್ವಾಲಾಮುಖಿಯ ಕರಿಕಲ್ಲು ಮಾಡಿತು. ಬೆಣಚು ಹೆಚ್ಚಿರುವ ಗ್ರಾನೈಟಿನಂಥ ಕಲ್ಲಿನ ಮೇಲೆ, ನೀರು ಸುಲಭವಾಗಿ ಬಸಿದುಹೋಗುವ ಕಡೆ, ಮಸಾರಿ ಹುಟ್ಟಿತು.

ಚಿರೋಟಿಯಂಥ ಜೇಡಿ

ಎರೆಮಣ್ಣಿನ ಗುಟ್ಟು ಅದರ ಜೇಡಿಯಲ್ಲಿದೆ. ಈ ಮಣ್ಣಿನ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಭಾಗ, ಕಣ್ಣಿಗೆ ಕಾಣದಷ್ಟು ನಯವಾದ ಜೇಡಿಕಣಗಳಿಂದ ಆಗಿದೆ. ಆ ಜೇಡಿಯಲ್ಲಿ ಮುಖ್ಯವಾದುದು ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಫ್ರಾನ್ಸಿನ ಮಾಂಟ್‌ಮೊರಿಲೊನ್ ಎಂಬ ಊರಿನಿಂದ ಅದಕ್ಕೆ ಈ ಹೆಸರು. ಇದರ ಒಂದೊಂದು ಕಣವೂ ಚಿರೋಟಿಯಂತೆ ಪದರು ಪದರಾಗಿರುತ್ತದೆ. ಮಳೆಯಾದಾಗ ನೀರು ಪದರುಗಳ ನಡುವೆ ನುಗ್ಗಿ ಅವನ್ನು ದೂರ ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಹೊರಟುಹೋದಾಗ ಪದರುಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಣ್ಣು ಕುಗ್ಗಿ ಬಾಯಿ ಬಿಡುತ್ತದೆ. ಚೈತ್ರ ವೈಶಾಖಗಳಲ್ಲಿ ಈ ಬಿರುಕುಗಳಲ್ಲಿ ಅಂಗೈ ತೂರಿಸಬಹುದು. ಆಳ ಒಂದು ಮೀಟರನ್ನು ಮೀರುವುದೂ ಉಂಟು.

ಆಮೇಲೆ ನಡೆಯುವುದು ಇನ್ನೂ ವಿಚಿತ್ರವಾಗಿದೆ. ಮೇಲಿನ ಪುಡಿಮಣ್ಣು ಗಾಳಿಗೂ ದನಗಳ ತುಳಿತಕ್ಕೂ ಉದುರಿ ಬಿರುಕಿನ ಬುಡವನ್ನು ಸೇರುತ್ತದೆ. ಮುಂದಿನ ಮಳೆಗೆ ಅಡಿಯ ಮಣ್ಣು ಉಬ್ಬಲು ಹವಣಿಸಿದಾಗ, ಅಲ್ಲಿ ಮೊದಲೇ ತುಂಬಿಕೊಂಡ ಪುಡಿಯಿಂದ ಎಡೆ ಸಾಲದೆ ಹೋಗುತ್ತದೆ. ಎಡೆ ಕಾಣದ ಮಣ್ಣು ಪಕ್ಕದ ಮಣ್ಣನ್ನು ಓರೆಯಾಗಿ ಮೇಲಕ್ಕೆ ನೂಕುತ್ತದೆ. ಹೆಂಟೆಗೆ ಹೆಂಟೆ ಉಜ್ಜಿ ಅವುಗಳ ಮೈ ಹೊಳಪೇರುತ್ತದೆ. ಹೀಗೆ ಸಾವಿರಾರು ವರ್ಷಗಳ ಅವಧಿಯಲ್ಲಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೊರಳುತ್ತ, ಈ ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ.

ಮಣ್ಣು ಕಪ್ಪಾಗಿದೆಯಾದ್ದರಿಂದ ಅದರಲ್ಲಿ ಸಾವಯವ ಸಾರ ಹೇರಳವಾಗಿರಬೇಕೆಂಬುದು ಸಾಮಾನ್ಯ ನಂಬಿಕೆ. ಅದು ನಿಜವಲ್ಲ. ರಷ್ಯಾದ ಪ್ರಸಿದ್ಧ ಕರಿಮಣ್ಣಿನ ಕಪ್ಪು ಕೊಳೆತ ಹುಲ್ಲುಬೇರುಗಳ ಸಾರದಿಂದ ಬಂದದ್ದು. ನಮ್ಮ ಎರೆಮಣ್ಣಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದು ಭಾಗವೂ ಇರುವುದಿಲ್ಲ. ಇದ್ದಷ್ಟು ಸಾರ ಜೇಡಿಯೊಡನೆ ಬಿಗಿಯಾಗಿ ಬೆಸೆದುಕೊಂಡು ಇಡೀ ಮಣ್ಣಿಗೆ ಕಪ್ಪು ಬಳಿದಂತಾಗಿದೆ, ಅಷ್ಟೆ. ಬಣ್ಣವನ್ನು ನೋಡಿ ಬಲವನ್ನು ಅಳೆಯುವುದು ಮನುಷ್ಯರ ವಿಷಯದಲ್ಲಿ ಎಷ್ಟು ತಪ್ಪೋ ಮಣ್ಣಿನ ವಿಷಯದಲ್ಲಿಯೂ ಅಷ್ಟೇ ತಪ್ಪು.

ಇದರ ನಿಜವಾದ ಬಲ ನೀರನ್ನು ಹಿಡಿದಿಡುವುದರಲ್ಲಿದೆ. ಒಂದು ಮೀಟರು ಆಳದ ಒಳ್ಳೆಯ ಎರೆಮಣ್ಣು ಬೆಳೆಗೆ ದಕ್ಕುವಂಥ ಸುಮಾರು 150ರಿಂದ 200 ಮಿಲಿಮೀಟರು ನೀರನ್ನು ತನ್ನಲ್ಲಿ ಇರಿಸಿಕೊಳ್ಳಬಲ್ಲುದು. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳ, ಕಡಲೆಗಳು ಇಬ್ಬನಿಯನ್ನೂ ಈ ಠೇವಣಿಯನ್ನೂ ನಂಬಿ ತೆನೆಗಟ್ಟುತ್ತವೆ. ಆದರೆ ಒಮ್ಮೆ ಬಿರುಕುಗಳು ಮುಚ್ಚಿಕೊಂಡರೆ ಇದೇ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದು ಬಹು ನಿಧಾನ. ಬಿದ್ದ ಮಳೆ ಮೇಲೆಯೇ ಹರಿದುಹೋಗುತ್ತದೆ. ಬೇಸಗೆಯಲ್ಲಿ ಬತ್ತಿ ಬರಿದಾಗುವ ಬೆಣ್ಣೆಹಳ್ಳ ಒಂದೇ ರಾತ್ರಿಯ ಮಳೆಗೆ ಹುಚ್ಚೆದ್ದು ಹೊಲಗಳನ್ನು ನುಂಗುವುದರ ಹಿಂದೆ ಈ ಗುಣವೂ ಇದೆ.

ಪಟ್ಟಣಿಗರಿಗೆ ಇದರ ಪರಿಚಯವಾಗುವುದು ಮನೆಯ ಗೋಡೆಯಲ್ಲಿ. ಎರೆಯ ಮೇಲೆ ಸಾದಾ ತಳಪಾಯ ಹಾಕಿ ಕಟ್ಟಿದ ಮನೆ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂಡುತ್ತದೆ. ಮೂಲೆಗಳಲ್ಲಿ ಓರೆ ಬಿರುಕು ಮೂಡುತ್ತವೆ. ಕದಗಳು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಬಲ್ಲವರು ಗಟ್ಟಿ ಗರಸು ಸಿಕ್ಕುವವರೆಗೆ ಅಗೆಸುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಿಂದ ಬುಡದಲ್ಲಿ ಗಂಟೆಯಂತೆ ಅಗಲಿಸಿದ ಕಾಂಕ್ರೀಟು ಕಂಬಗಳ ತಳಪಾಯವನ್ನು ರೂಢಿಗೆ ತಂದಿತು. ನೆಲದ ತೇವ ಹೆಚ್ಚುಕಡಿಮೆಯಾಗದ ಆಳಕ್ಕೆ, ಎಂದರೆ ಸುಮಾರು ಮೂರೂವರೆ ಮೀಟರಿಗೆ, ಕಂಬದ ಬುಡವನ್ನು ಇಳಿಸುವುದೇ ಅದರ ಮರ್ಮ.

ಹದಿನಾರಾಣೆಯ ಮಣ್ಣು

ಮಣ್ಣಿನ ವರ್ಗೀಕರಣ ಪಂಡಿತರಿಂದ ಆರಂಭವಾದುದಲ್ಲ. ಎರೆ, ಮಸಾರಿ, ಮರಡಿ, ಗರಸು, ಸವಳು ಎಂದು ಈ ಸೀಮೆಯ ಒಕ್ಕಲಿಗರು ಮೊದಲಿನಿಂದಲೂ ಹೆಸರಿಟ್ಟುಕೊಂಡು ಬಂದಿದ್ದಾರೆ. ಎರೆಗೆ ಯಾವ ಬೀಜ, ಮಸಾರಿಗೆ ಯಾವ ಬೀಜ, ಯಾವುದನ್ನು ಮುಂಗಾರಿಗೆ ಬಿತ್ತಬೇಕು, ಯಾವುದನ್ನು ಹಿಂಗಾರಿಗೆ ಕಾಯ್ದಿಡಬೇಕು ಎಂಬುದೆಲ್ಲ ಆ ಹೆಸರಿನೊಳಗೇ ಅಡಗಿದೆ.

ಇದನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದವರು ಬ್ರಿಟಿಷ್ ಸರ್ವೆ ಅಧಿಕಾರಿಗಳು. 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಧಾರವಾಡ ಸೀಮೆಯ ಹೊಲಹೊಲವನ್ನೂ ಅಳೆಯಲಾಯಿತು. 1847ರ ಜಂಟಿ ವರದಿಯಲ್ಲಿ ಈ ಪದ್ಧತಿಯ ನಿಯಮಗಳು ಸ್ಪಷ್ಟರೂಪ ಪಡೆದವು. ಕಪ್ಪಾಗಿ ನಯವಾದ ಮಣ್ಣು ಒಂದನೆಯ ತರಗತಿ. ಅದಕ್ಕಿಂತ ಒರಟಾದ, ಸಾಮಾನ್ಯವಾಗಿ ಕೆಂಪು ಮಣ್ಣು ಎರಡನೆಯದು. ಗರಸುಮಿಶ್ರಿತವಾದ ಸಡಿಲ ಮಣ್ಣು ಮೂರನೆಯದು. ಅನಂತರ ಆಳವನ್ನು ಮೊಳದ ಲೆಕ್ಕದಲ್ಲಿ ನೋಡುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ಶ್ರೇಷ್ಠ ಎರೆಗೆ ಹದಿನಾರಾಣೆಯ ಬೆಲೆ. ಆಳ ಕಡಿಮೆಯಾದಂತೆ, ಕಲ್ಲು, ಇಳಿಜಾರು, ಮರಳು ಮೊದಲಾದ ದೋಷಗಳು ಕಂಡಂತೆ ಬೆಲೆ ಇಳಿಯುತ್ತ, ಒಂಬತ್ತನೆಯ ದರ್ಜೆಗೆ ಎರಡಾಣೆಗೆ ಬಂದು ನಿಲ್ಲುತ್ತಿತ್ತು.

ಈ ಪದ್ಧತಿಯಲ್ಲಿ ಜಾಣತನವಿತ್ತು. ಮಣ್ಣಿನ ಆಳವೇ ಅದರ ಬಾಳೆಂಬುದನ್ನು ಅದು ಕಂಡುಕೊಂಡಿತ್ತು. ಆದರೆ ಅದು ಕೇಳಿದ್ದು ಒಂದೇ ಪ್ರಶ್ನೆ: ಈ ನೆಲ ಸರಕಾರಕ್ಕೆ ಎಷ್ಟು ಕೊಟ್ಟೀತು? ಉತ್ತರ ‘ಏನೂ ಇಲ್ಲ’ ಎಂದಾದ ನೆಲ ಖರಾಬಿನ ಪಟ್ಟಿ ಸೇರಿತು. ಹುಲ್ಲು, ಹಾಲು, ಗೊಬ್ಬರ, ಉಣ್ಣೆಗಳ ರೂಪದಲ್ಲಿ ಅದು ಊರಿಗೆ ಕೊಡುತ್ತಿದ್ದುದು ಕಂದಾಯದ ಲೆಕ್ಕಕ್ಕೆ ಬರಲಿಲ್ಲ.

ಗುಂಡಿ ಹೇಳುವ ಸಾಕ್ಷ್ಯ

ಮಣ್ಣು ಬರಿಯ ಕಲ್ಲಿನ ಪುಡಿಯಲ್ಲ. ಶಿಲೆ, ಹವೆ, ಜೀವಕೋಟಿ, ನೆಲದ ಏರಿಳಿತ, ಕಾಲ ಇವು ಕೂಡಿ ಹಡೆದ ಸ್ವತಂತ್ರ ವಸ್ತು ಎಂಬ ವಿಚಾರವನ್ನು ಬೆಳಕಿಗೆ ತಂದವನು ರಷ್ಯಾದ ವಾಸಿಲಿ ಡೊಕುಚಾಯೆವ್. ಆತನ ಕರಿಮಣ್ಣಿನ ಗ್ರಂಥ 1883ರಲ್ಲಿ ಪ್ರಕಟವಾಯಿತು. ಅಂದಿನಿಂದ ಪ್ರಶ್ನೆಯೇ ಬದಲಾಯಿತು. ಈ ಮಣ್ಣು ಎಷ್ಟು ಕೊಟ್ಟೀತು ಎಂಬುದರ ಬದಲು, ಇದು ಹುಟ್ಟಿದ್ದು ಹೇಗೆ, ಇದರ ನಡತೆ ಎಂಥದು ಎಂದು ಕೇಳತೊಡಗಿದರು.

ಇದಕ್ಕೆ ಉತ್ತರ ಸಿಗುವುದು ಗುಂಡಿಯಲ್ಲಿ. ಮಣ್ಣು ಪರೀಕ್ಷಕರು ಆಳುದ್ದ ಗುಂಡಿ ತೋಡಿಸಿ ಅದರ ಗೋಡೆಯನ್ನು ಪುಸ್ತಕದ ಪುಟದಂತೆ ಓದುತ್ತಾರೆ. ಇಳಕಲ್ ಸೀರೆಗೆ ಖಣ ಹೊಂದಿಸುವವರಂತೆ ಹಿಡಿಮಣ್ಣನ್ನು ಬಣ್ಣದ ಪಟ್ಟಿಗಳ ಪುಸ್ತಕದೊಡನೆ ಹೋಲಿಸಿ ಅದರ ಬಣ್ಣವನ್ನು ನಿಶ್ಚಯಿಸುತ್ತಾರೆ. ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನಾಡಿಯಂತೆ ಎಳೆದು ಜೇಡಿಯ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. ಆಮ್ಲದ ಹನಿ ಬಿದ್ದಾಗ ಬುರುಗು ಉಕ್ಕಿದರೆ ಸುಣ್ಣವಿದೆಯೆಂದು ಗೊತ್ತಾಗುತ್ತದೆ. ಎರೆಯ ಅಡಿಪದರಗಳಲ್ಲಿ ಈ ಸುಣ್ಣ ಬಿಳಿಯ ಹರಳುಗಳಾಗಿ ಗಟ್ಟಿಗೊಂಡಿರುವುದೂ ಉಂಟು.

1960ರಲ್ಲಿ ಅಮೆರಿಕದ ಮಣ್ಣುಶಾಸ್ತ್ರಜ್ಞರು ‘ಏಳನೆಯ ಕರಡು’ ಎಂದು ಪ್ರಸಿದ್ಧವಾದ ಹೊಸ ವರ್ಗೀಕರಣವನ್ನು ವಿದ್ವಾಂಸರ ಮುಂದಿಟ್ಟರು. 1975ರಲ್ಲಿ ಅದು ಪೂರ್ಣ ಗ್ರಂಥವಾಗಿ ಹೊರಬಂದಿತು. ಇಂದು ಜಗತ್ತಿನ ಸಕಲ ಮಣ್ಣುಗಳನ್ನೂ ಅದು 12 ಗಣಗಳಲ್ಲಿ ಅಡಗಿಸುತ್ತದೆ. ಬಾಯಿ ಬಿಡುವ ಮಣ್ಣಿನ ಗಣಕ್ಕೆ ‘ವರ್ಟಿಸಾಲ್’ ಎಂದು ಹೆಸರು. ‘ವರ್ಟೆರೆ’ ಎಂಬ ಲ್ಯಾಟಿನ್ ಪದಕ್ಕೆ ಹೊರಳು, ತಿರುಗು ಎಂದರ್ಥ. ಸಂಸ್ಕೃತದ ‘ವೃತ್’ ಧಾತುವಿಗೂ ಅದಕ್ಕೂ ಮೂಲ ಒಂದೇ. ಈ ಗಣಕ್ಕೆ ಸೇರಲು ಮಣ್ಣಿಗೆ ಮೂರು ಲಕ್ಷಣಗಳಿರಬೇಕು: ಅರ್ಧ ಮೀಟರು ಆಳದವರೆಗೆ ನೂರಕ್ಕೆ 30ಕ್ಕೆ ಕಡಿಮೆಯಿಲ್ಲದ ಜೇಡಿ, ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕುಗಳು, ಒಂದು ಮೀಟರಿನೊಳಗೆ ಉಜ್ಜಿ ಹೊಳಪಾದ ಹೆಂಟೆಯ ಮೈ, ಇಲ್ಲವೆ ಬೆಣೆಯಾಕಾರದ ಹೆಂಟೆಗಳು.

ಈ ಪದ್ಧತಿಯ ಹೆಸರುಗಳು ಮೊದಲಿಗೆ ಕಠಿಣವೆನಿಸುತ್ತವೆ. ಆದರೆ ಧಾರವಾಡದವರು ಒಬ್ಬನ ಹೆಸರನ್ನು ಓದಿ ಕಡೆಯ ಅಡ್ಡಹೆಸರಿನಿಂದ ಮನೆತನವನ್ನು ತಿಳಿಯುವಂತೆ ಇವನ್ನೂ ಓದಬಹುದು. ‘ಹ್ಯಾಪ್ಲಸ್ಟರ್ಟ್’ ಎಂಬ ಹೆಸರಿನ ಕೊನೆಯ ‘ಅರ್ಟ್’ ಮನೆತನವನ್ನು, ಎಂದರೆ ವರ್ಟಿಸಾಲ್ ಗಣವನ್ನು ಹೇಳುತ್ತದೆ. ನಡುವಣ ‘ಅಸ್ಟ್’ ಎಂದರೆ ವರ್ಷದ ಕೆಲವು ತಿಂಗಳು ಮಾತ್ರ ತೇವ ಕಾಣುವ ಹವೆ. ಮೊದಲಿನ ‘ಹ್ಯಾಪ್ಲ್’ ಎಂದರೆ ಬೇರೆ ವಿಶೇಷವಿಲ್ಲದ ಸರಳ ಮಾದರಿ. ನವಲಗುಂದದ ಆಳವಾದ ಎರೆಹೊಲ ಈ ಮನೆತನದ್ದು.

ಒಂದೇ ಇಳಿಜಾರಿನ ಮೂರು ಮಕ್ಕಳು

ಹಾಗಾದರೆ ದನ ಮೇಯುವ ನೆಲದ ಮಣ್ಣು ಯಾವ ಮನೆತನದ್ದು? ಇಲ್ಲಿಯೇ ವರ್ಗೀಕರಣದ ನಿಜವಾದ ಉಪಯೋಗ ತಿಳಿದುಬರುತ್ತದೆ. ಈ ಸೀಮೆಯ ಆಳವಾದ ಎರೆಯೆಲ್ಲ ಎಂದೋ ಉಳುಮೆಗೆ ಸೇರಿದೆ. ಮೇವಿಗೆ ಉಳಿದದ್ದು ಬಹುತೇಕ ಗುಡ್ಡದ ನೆತ್ತಿ, ಮರಡಿಯ ಇಳಿಜಾರು, ಹಳ್ಳದ ಅಂಚು. ಗದಗದ ಬಳಿಯ ಕಪ್ಪತಗುಡ್ಡದಿಂದ ಹಿಡಿದು ಹೆಸರಿಲ್ಲದ ಊರಮುಂದಿನ ಮರಡಿಗಳವರೆಗೆ ಇದೇ ಕಥೆ.

ಇಂಥ ಇಳಿಜಾರನ್ನು ನೆತ್ತಿಯಿಂದ ಬುಡದವರೆಗೆ ಇಳಿದು ನೋಡಿದರೆ ಮೂರು ಬಗೆಯ ಮಣ್ಣು ಸಾಲಾಗಿ ಸಿಗುತ್ತವೆ. ನೆತ್ತಿಯಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಗರಸು ಅಥವಾ ಬಂಡೆ. ಪದರುಗಳೇ ಇನ್ನೂ ಮೂಡದ ಈ ಎಳೆಯ ಮಣ್ಣು ‘ಎಂಟಿಸಾಲ್’ ಗಣಕ್ಕೆ ಸೇರಿದ್ದು. ನಡುವಿನಲ್ಲಿ ಎರಡು ಮೂರು ಅಡಿಯ ಮಣ್ಣು, ಪದರುಗಳು ಮೂಡತೊಡಗಿವೆ, ಬೇಸಗೆಯಲ್ಲಿ ಸಣ್ಣ ಬಿರುಕುಗಳೂ ಬೀಳುತ್ತವೆ. ಇದು ‘ಇನ್ಸೆಪ್ಟಿಸಾಲ್’. ಬುಡದಲ್ಲಿ, ಮೇಲಿನಿಂದ ತೊಳೆದು ಬಂದ ಜೇಡಿಯೂ ಸುಣ್ಣವೂ ಶೇಖರವಾದಲ್ಲಿ, ಆಳವಾದ ಎರೆ, ಎಂದರೆ ವರ್ಟಿಸಾಲ್. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಜೆಫ್ರಿ ಮಿಲ್ನ್ ಎಂಬ ಶಾಸ್ತ್ರಜ್ಞ 1935ರಲ್ಲಿ ಇಂಥ ಸಾಲಿಗೆ ‘ಸರಪಳಿ’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟನು. ಹೆಸರು ಸಮರ್ಪಕವಾಗಿದೆ, ಒಂದು ಕೊಂಡಿ ಸಡಿಲಿದರೆ ಇಡೀ ಸರಪಳಿ ಜಗ್ಗುತ್ತದೆ. ನೆತ್ತಿಯ ಹುಲ್ಲು ಹೋದರೆ ನೆತ್ತಿಯ ಮಣ್ಣು ಹೋಯಿತು. ಆ ಮಣ್ಣು ಬುಡದ ಹೊಲಕ್ಕೆ ಕಲ್ಲಾಗಿಯೂ ಕೆರೆಗೆ ಹೂಳಾಗಿಯೂ ಬಂದು ಬೀಳುತ್ತದೆ.

ಹುಲ್ಲೂ ಈ ಸರಪಳಿಯನ್ನು ಅನುಸರಿಸುತ್ತದೆ. ದಾಬಡಘಾವ್ ಮತ್ತು ಶಂಕರನಾರಾಯಣ ಎಂಬ ವಿದ್ವಾಂಸರು 1973ರಲ್ಲಿ ಭಾರತದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ದಕ್ಷಿಣದ ಪೀಠಭೂಮಿಗೆ ಅವರು ಕೊಟ್ಟ ಹೆಸರು ‘ಸೆಹಿಮಾ-ಡೈಕ್ಯಾಂಥಿಯಮ್’ ಬಗೆ. ಸೆಹಿಮಾ ಗರಸುನೆಲದ ಹುಲ್ಲು. ಡೈಕ್ಯಾಂಥಿಯಮ್ ಸಮತಟ್ಟಾದ ಆಳಮಣ್ಣಿನ ಹುಲ್ಲು. ಎರಡೂ ದನಗಳಿಗೆ ಪ್ರಿಯವಾದವು. ಮಿತಿಮೀರಿ ಮೇಯಿಸಿದಾಗ ಇವು ಹಿಂದೆ ಸರಿದು, ಈಟಿಯಂತೆ ಚುಚ್ಚುವ ಬೀಜದ ಒರಟು ಹುಲ್ಲುಗಳು ಮುಂದೆ ಬರುತ್ತವೆ. ಇನ್ನೂ ಕೆಟ್ಟರೆ ದನ ಮೂಸಿಯೂ ನೋಡದ ಜಾತಿಗಳು ಮಾತ್ರ ಉಳಿಯುತ್ತವೆ. ಹೀಗಾಗಿ ಬಲ್ಲವನು ಗುಂಡಿ ತೋಡುವ ಮುಂಚೆಯೇ ಹುಲ್ಲನ್ನು ನೋಡಿ ನೆಲದ ಆರೋಗ್ಯವನ್ನು ಹೇಳಬಲ್ಲನು.

ಎರೆಯ ಮೇಲೆ ಮರಗಳು ವಿರಳವಾಗಿರುವುದಕ್ಕೂ ಮಣ್ಣಿನ ಹೊರಳಾಟ ಒಂದು ಕಾರಣ. ಅದು ಎಳೆಯ ಬೇರುಗಳನ್ನು ಹರಿದುಹಾಕುತ್ತದೆ. ಹುಲ್ಲಿನ ನವಿರಾದ ಬೇರುಗಳು ಮಾತ್ರ ಅದನ್ನು ಸಹಿಸಿ ವರ್ಷವರ್ಷವೂ ಹೊಸತಾಗುತ್ತವೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಇಂಥದೇ ಬಿರುಕುಮಣ್ಣಿನ ಮೇಲೆ ‘ಮಿಚೆಲ್ ಹುಲ್ಲಿನ ಬಯಲು’ ಎಂಬ ವಿಶಾಲ ಪ್ರದೇಶವಿದೆ. ಅಲ್ಲಿ ರಂಟೆಯಿಲ್ಲ, ಮರವಿಲ್ಲ. ಕುರಿ ದನಗಳ ಮೇವೇ ಅದರ ಬದುಕು. ಅದನ್ನು ಖರಾಬೆಂದು ಕರೆಯುವವರಿಲ್ಲ.

ಧಾರವಾಡ ಸೀಮೆಯಲ್ಲಿಯೂ ಬಯಲಿನ ಜೀವಿಗಳು ಮಣ್ಣಿನ ಹೆಸರನ್ನೇ ಹೊತ್ತಿದ್ದುವು. ಹೆಬ್ಬಕ್ಕನೆಂದು ಹಲವೆಡೆ ಕರೆಯುವ ಭಾರೀ ಹಕ್ಕಿಗೆ ಇಲ್ಲಿಯವರು ಇಟ್ಟ ಹೆಸರು ಎರೆಭೂತ. ಆ ಹಕ್ಕಿಗೂ ಕೃಷ್ಣಮೃಗಕ್ಕೂ ಆಶ್ರಯವಾಗಲೆಂದು 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರುಗಳ ಅಭಯಾರಣ್ಯವಾಯಿತು. ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಲ್ಲಿ ಓಡತೊಡಗಿದ ತ್ವರಿತ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟರು. ಚಿಗರಿಯ ಹೆಸರು ಊರಲ್ಲಿ ಉಳಿಯಿತು. ಚಿಗರಿ ಓಡುತ್ತಿದ್ದ ಹುಲ್ಲುಬಯಲು ಕುಗ್ಗುತ್ತ ಬಂದಿತು.

ಎಷ್ಟು ತಾಳೀತು?

ಮಣ್ಣಿಗೆ ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ಈ ನೆಲ ಎಷ್ಟು ತಾಳೀತು? ಇದಕ್ಕಾಗಿ ಭೂಮಿಯನ್ನು ಎಂಟು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನು 1961ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿತು. ಭಾರತದಲ್ಲಿಯೂ ಅದು ಬಳಕೆಯಲ್ಲಿದೆ. ಮೊದಲ ನಾಲ್ಕು ದರ್ಜೆಯ ನೆಲ ಉಳುಮೆಗೆ ತಕ್ಕುದು. ಐದರಿಂದ ಮುಂದಿನದನ್ನು ಉಳಬಾರದು. ಹುಲ್ಲಿಗೂ ಮರಕ್ಕೂ ಬಿಡಬೇಕು. ಎಂಟನೆಯದು ಕಾಡುಪ್ರಾಣಿಗಳಿಗೂ ನೀರಿನ ರಕ್ಷಣೆಗೂ ಮೀಸಲು. ಇಲ್ಲಿ ಆರನೆಯ, ಏಳನೆಯ ದರ್ಜೆ ಎಂದರೆ ನಪಾಸಾದ ನೆಲವೆಂದು ಅರ್ಥವಲ್ಲ. ಹುಲ್ಲೆಂಬ ಒಂದೇ ಬೆಳೆಯನ್ನು ಎಂದೆಂದಿಗೂ ಕೊಡಬಲ್ಲ ನೆಲವೆಂದು ಅರ್ಥ.

ನಮ್ಮ ಕಾನೂನು ಗೋಮಾಳವನ್ನು ಮರೆತಿಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಮೇವಿನ ಭೂಮಿಯನ್ನು ಮೀಸಲಿಡಬೇಕೆಂದು ವಿಧಿಸಿದವು. ಊರೊಟ್ಟಿನ ಇಂಥ ಭೂಮಿಗಳ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಆದರೆ 30 ಎಕರೆಯ ಲೆಕ್ಕದಲ್ಲಿ ತಲೆಯ ಎಣಿಕೆ ಉಂಟು, ಮಣ್ಣಿನ ಆಳದ ಮಾತಿಲ್ಲ. ಹಳ್ಳದ ದಂಡೆಯ 30 ಎಕರೆ ಎರೆಯೂ ಮರಡಿಯ ನೆತ್ತಿಯ 30 ಎಕರೆ ಗರಸೂ ಕಾಗದದ ಮೇಲೆ ಸಮಾನ. ನಿಜದಲ್ಲಿ ಒಂದು ಹಿಂಡನ್ನು ಸಾಕುವ ನೆಲ, ಇನ್ನೊಂದು ಅದೇ ಹಿಂಡಿನ ಗೊರಸಿನಡಿಯಲ್ಲಿ ನಾಲ್ಕು ವರ್ಷಕ್ಕೆ ಬಂಡೆ ತೋರಿಸುವ ನೆಲ. ವಿಂಗೇಟನ ಕಾಲದ ಲೆಕ್ಕಿಗರು ತೆರಿಗೆಗಾಗಿ ಮೊಳ ಹಾಕಿ ನೋಡಿದ ಆಳವನ್ನು, ಮೇವಿನ ನೆಲದ ರಕ್ಷಣೆಗಾಗಿ ನೋಡುವವರು ಬೇಕಾಗಿದ್ದಾರೆ.

ಅವಸರವಿರುವುದು ಕಾಲದ ಲೆಕ್ಕದಲ್ಲಿ. ಒಂದಂಗುಲ ಮಣ್ಣು ಕಲ್ಲಿನಿಂದ ಹುಟ್ಟಿ ಕೂಡಲು ಹಲವು ನೂರು ವರ್ಷಗಳು ಬೇಕು. ಹುಲ್ಲಿನ ಹೊದಿಕೆ ಹರಿದ ಇಳಿಜಾರಿನಲ್ಲಿ ಅದು ಕೊಚ್ಚಿಹೋಗಲು ಕೆಲವೇ ಮಳೆಗಾಲಗಳು ಸಾಕು. ಎರೆಹೊಲದಲ್ಲಿ ಮೂರಂಗುಲ ಹೋದರೂ ಕೆಳಗೆ ಇನ್ನೂ ಮಣ್ಣಿದೆ. ಗೇಣು ಮಣ್ಣಿನ ಮರಡಿಯಲ್ಲಿ ಮೂರಂಗುಲ ಹೋದರೆ ಆಸ್ತಿಯ ಮೂರನೆಯ ಒಂದು ಪಾಲು ಹೋದಂತೆ. ಅಲ್ಲಿಂದ ಗರಸು ತೋಡಿ ರಸ್ತೆಗೂ ಬಡಾವಣೆಗೂ ಸಾಗಿಸಿದಾಗ ಹೋಗುವುದು ಪಾಲಲ್ಲ, ಮೂಲಧನವೇ.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಝಾಂಸಿಯಲ್ಲಿ 1962ರಲ್ಲಿ ಸ್ಥಾಪಿತವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ 1980ರಿಂದ ಧಾರವಾಡದಲ್ಲಿಯೇ ಇದೆ. 1947ರಲ್ಲಿ ಆರಂಭವಾದ ಕೃಷಿ ಕಾಲೇಜು 1986ರಲ್ಲಿ ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಹುಲ್ಲುಗಾವಲನ್ನು ಉಳಿಸುವ ಕ್ರಮಗಳೂ ದುಬಾರಿಯಾದವಲ್ಲ. ನೆಲವನ್ನು ಭಾಗಗಳಾಗಿ ಮಾಡಿ ಸರದಿಯಂತೆ ಮೇಯಿಸುವುದು, ಒಂದು ಭಾಗಕ್ಕೆ ಬೀಜ ಉದುರುವವರೆಗೆ ಬಿಡುವು ಕೊಡುವುದು, ಎರೆ ಹಸಿಯಾಗಿರುವಾಗ ದನಗಳನ್ನು ಬಿಟ್ಟು ತುಳಿಸದಿರುವುದು, ಅಂಜನದಂಥ ಹುಲ್ಲಿನ ಜೊತೆಗೆ ಸ್ಟೈಲೋದಂಥ ದ್ವಿದಳ ಮೇವನ್ನು ಚೆಲ್ಲಿ ಮಣ್ಣಿಗೆ ಸಾರಜನಕ ಸೇರಿಸುವುದು ಇವೇ ಮುಖ್ಯವಾದವು. ಇವುಗಳಲ್ಲಿ ಬಹುಪಾಲು ಹಣಕ್ಕಿಂತ ಊರಿನ ಒಮ್ಮತವನ್ನು ಬೇಡುತ್ತವೆ.

ಇದೆಲ್ಲ ಹಳ್ಳಿಗರ ಚಿಂತೆ, ಪಟ್ಟಣಿಗರಿಗೇನು ಎನ್ನುವಂತಿಲ್ಲ. ಅರ್ಧಚಂದ್ರದಂತೆ ಬಾಗಿದ ಕೊಂಬಿನ ಈ ಸೀಮೆಯ ಎಮ್ಮೆಗೆ 2021ರಲ್ಲಿ ‘ಧಾರವಾಡಿ’ ಎಂಬ ಹೆಸರಿನಲ್ಲಿ ಪ್ರತ್ಯೇಕ ದೇಶೀ ತಳಿಯೆಂಬ ಮನ್ನಣೆ ದೊರೆಯಿತು. ಬಯಲಿನಲ್ಲಿ ಮೇಯ್ದು ಒರಟು ಮೇವನ್ನೂ ಹಾಲಾಗಿಸುವ ಪ್ರಾಣಿ ಅದು. ಧಾರವಾಡದ ಪೇಡೆಯ ಡಬ್ಬಿಯೊಂದು ಬೆಂಗಳೂರಿಗೋ ಮುಂಬಯಿಗೋ ಹೊರಟಾಗ ಅದರ ಹಿಂದೆ ಹಾಲಿದೆ, ಹಾಲಿನ ಹಿಂದೆ ಎಮ್ಮೆಯಿದೆ, ಎಮ್ಮೆಯ ಹಿಂದೆ ಹುಲ್ಲಿದೆ. ಹುಲ್ಲಿನ ಬುಡದಲ್ಲಿ ಇರುವುದು ಖರಾಬೆಂದು ಬರೆದಿಟ್ಟ ಅದೇ ಗೇಣು ಮಣ್ಣು.

ವಿಶ್ವಸಂಸ್ಥೆ 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಹಾಗೂ ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ವರ್ಷಕ್ಕೊಂದು ಹೆಸರು ಕೊಡುವುದು ಸುಲಭ. ಊರಮುಂದಿನ ಮರಡಿಗೆ ಅದರ ನಿಜವಾದ ಹೆಸರನ್ನು ಕೊಡುವುದು, ಕೊಟ್ಟ ಮೇಲೆ ಆ ಹೆಸರಿಗೆ ತಕ್ಕಂತೆ ಅದನ್ನು ನಡೆಸಿಕೊಳ್ಳುವುದು ಕಷ್ಟದ ಕೆಲಸ. ಆದರೂ ಅದಕ್ಕೆ ಬೇಕಾದ ಮೊದಲ ಸಾಧನ ಒಂದು ಸಲಿಕೆ ಮಾತ್ರ. ಯಾವ ಊರಿನವರಾದರೂ ತಮ್ಮ ಗಾಯರಾಣದಲ್ಲಿ ಮೂರು ಕಡೆ, ನೆತ್ತಿಯಲ್ಲೊಂದು, ನಡುವಿನಲ್ಲೊಂದು, ಬುಡದಲ್ಲೊಂದು ಗುಂಡಿ ತೋಡಿ, ಎಷ್ಟು ಗೇಣಿಗೆ ಕಲ್ಲು ಸಿಕ್ಕಿತೆಂದು ಬರೆದಿಟ್ಟುಕೊಂಡರೆ, ಉಳಿದ ಮಾತನ್ನು ಮಣ್ಣೇ ಹೇಳುತ್ತದೆ.